ಎರಡಕ್ಷರದ ತಿದ್ದುಪಡಿ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಚಿಕ್ಕ ಧರ್ಮಾಸ್ಪತ್ರೆ ಇತ್ತು. ಅಲ್ಲಿಯ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವರು ಪುಟ್ಟತಾಯಮ್ಮ; ಎಲ್ಲರಿಗೂ ಅವರು 'ಅಮ್ಮ'. ರೋಗಿಗಳ ದಾಖಲೆ ಇಡುವ ಪ್ರೋಗ್ರಾಮನ್ನು ಇಪ್ಪತ್ತು ವರ್ಷಗಳ ಹಿಂದೆ ಬರೆದವರೂ ಅವರೇ.

ಅವರ ಬಳಿ ಕಲಿಯಲು ಮರುಳಸಿದ್ದ ಬಂದು ಸೇರಿದ್ದ. ಮೂವತ್ತು ದಾಟಿದ್ದರೂ ಕೂತಲ್ಲಿ ಕೂರದವನು. ಕುರ್ಚಿಯ ತುದಿಯಲ್ಲೇ ಇದ್ದು ಕಾಲು ಕುಣಿಸುತ್ತಿದ್ದ.

ಮೊದಲ ದಿನವೇ ಅಮ್ಮ ಹೇಳಿದ್ದರು: "ಒಬ್ಬರ ದಾಖಲೆ ಅಂದ್ರೆ ಬೈಟು ಅನ್ನೋ ಪುಟ್ಟ ಮನೆಗಳ ಒಂದೇ ಸಾಲು, ಮನೆಗೊಂದು ಅಕ್ಷರ. ಹೆಸರು ಎಷ್ಟುದ್ದ ಅನ್ನೋ ಅಂಕಿ, ಆಮೇಲೆ ಹೆಸರು, ಅದಕ್ಕೆ ಅಂಟಿಕೊಂಡೇ ಅವರಿಗೆ ಒಗ್ಗದ ಔಷಧಿಯ ಸಂಖ್ಯೆ. ನಡುವೆ ಕೂದಲೆಳೆಯಷ್ಟೂ ಜಾಗ ಇಲ್ಲ. ತಿದ್ದಬೇಕಾದ್ರೆ ಇಡೀ ಸಾಲು ಓದು, ಬಿಡಿಸು, ತಿದ್ದು, ಮತ್ತೆ ಮೊದಲಿಂದ ಕಟ್ಟು."

"ಒಂದಕ್ಷರ ತಪ್ಪಿದ್ರೂ?"

"ಒಂದಕ್ಷರ ತಪ್ಪಿದ್ರೂ."

ಒಂದು ಬೆಳಿಗ್ಗೆ ವಾರ್ಡಿನಿಂದ ಹನ್ನೊಂದು ಹೆಸರುಗಳ ತಿದ್ದುಪಡಿ ಬಂತು. ಅಮ್ಮ ಹೊಳೆಗೆ ಹೋಗಿದ್ದರು.

ಮರುಳಸಿದ್ದ ಕಾಯಲಿಲ್ಲ. ಕಡತ ತೆರೆದು, ಹಳೆಯ ಅಕ್ಷರಗಳ ಮೇಲೆಯೇ ಹೊಸ ಅಕ್ಷರ ಬರೆದ. ಹಾಲವ್ವ ಹಾಲಮ್ಮ ಆದಳು. ತೆರೆಯ ಮೇಲೆ ಸರಿಯಾಗೇ ಕಂಡಿತು. ಹೀಗೇ ಹತ್ತು ಮುಗಿದವು.

ಹನ್ನೊಂದನೆಯವರು ಕೊಟ್ರಮ್ಮ. ಕೊಟ್ರಬಸಮ್ಮ ಆಗಬೇಕಿತ್ತು. ಎರಡಕ್ಷರ ಹೆಚ್ಚು.

ಉದ್ದದ ಅಂಕಿಗೆ ಎರಡು ಕೂಡಿಸಿದ, ಹೆಸರು ಬರೆದ. ಅದೂ ಸರಿಯಾಗೇ ಕಂಡಿತು. ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಬಂದ.

ಅಮ್ಮ ಬಂದು ಕೂತಿದ್ದರಷ್ಟೇ, ಸಿಸ್ಟರ್ ರೇಚಲ್ ಓಡಿ ಬಂದಳು. ಕೈಯಲ್ಲಿ ತುಂಬಿದ ಸಿರಿಂಜು.

"ಅಮ್ಮಾ, ಮೂರನೇ ಮಂಚದ ಅಜ್ಜಿ ಚುಚ್ಚಿಸಿಕೊಳ್ಳಲ್ಲ ಅಂತಿದಾರೆ. ಹಿಂದೊಮ್ಮೆ ಇದೇ ಪೆನಿಸಿಲಿನ್ ಕೊಟ್ಟಾಗ ಉಸಿರೇ ನಿಂತಿತ್ತಂತೆ. ತೆರೆ ಮೇಲೆ ನೋಡಿದ್ರೆ ಒಗ್ಗದ ಔಷಧಿ ಯಾವುದೂ ಇಲ್ಲ ಅಂತಿದೆ."

"ಹೆಸರು?"

"ಕೊಟ್ರಬಸಮ್ಮ."

ಮರುಳಸಿದ್ದನ ಕಾಲು ನಿಂತಿತು. ಹೆಚ್ಚಾದ ಅಕ್ಷರಗಳು ಪಕ್ಕದಲ್ಲಿದ್ದ ಔಷಧಿಯ ಸಂಖ್ಯೆಯನ್ನು ನುಂಗಿದ್ದವು. ಅದರಾಚೆ ಇದ್ದದ್ದು ಖಾಲಿ ಬಿಟ್ಟ ಸೊನ್ನೆ. ಹೆಸರು ಮುಗಿದಲ್ಲಿ ಸಂಖ್ಯೆ ಹುಡುಕಿದ ಯಂತ್ರ ಆ ಸೊನ್ನೆಯನ್ನೇ 'ಯಾವುದೂ ಇಲ್ಲ' ಎಂದು ಓದಿತ್ತು.

"ಅಜ್ಜಿ ಹೇಳೋದೇ ಸರಿ, ಕೊಡಬೇಡ," ಎಂದರು ಅಮ್ಮ. "ನಾನು ಹೇಳೋವರೆಗೂ ತೆರೆ ನಂಬಿ ಯಾರಿಗೂ ಚುಚ್ಚಬೇಡಿ. ಡಾಕ್ಟರಿಗೂ ತಿಳಿಸು."

"ಒಂದೇ ನಿಮಿಷ ಅಮ್ಮ, ಆ ಸಂಖ್ಯೆ ವಾಪಸ್ ಹಾಕಿಬಿಡ್ತೀನಿ!" ಅವನ ಬೆರಳು ಆಗಲೇ ಕೀಲಿಗಳ ಮೇಲಿತ್ತು.

ಅಮ್ಮ ಅವನ ಕೈಯನ್ನು ಮೆಲ್ಲಗೆ ಸರಿಸಿದರು. ಕಡತದ ನಿನ್ನೆಯ ಪ್ರತಿಯನ್ನು ತಂದು ಹಾಕಿದರು; ಅವನು ಮಾಡಿದ್ದ ಹನ್ನೊಂದೂ ತಿದ್ದುಪಡಿ ಅಳಿಸಿಹೋದವು. ಕೊಟ್ರಮ್ಮನ ದಾಖಲೆಯನ್ನು ಹಾಳೆಗೆ ಇಳಿಸಿ ಅವನಿಗೆ ಕೊಟ್ಟರು.

"ಏಳು, ಬಾ."

ಮೂರನೇ ಮಂಚದ ಪಕ್ಕ ಅವನನ್ನು ಕೂರಿಸಿದರು. "ಮೊದಲಿಂದ ಓದು. ಅವರು ಹೂಂ ಅಂದ್ಮೇಲೆ ಮುಂದಕ್ಕೆ."

"ಹೆಸರು, ಕೊಟ್ರಮ್ಮ."

"ಕೊಟ್ರಬಸಮ್ಮ," ಎಂದರು ಅಜ್ಜಿ. "ನಮ್ಮ ಬಸಪ್ಪನ್ನ ಬಿಡಬ್ಯಾಡ."

ಅವನು ತಿದ್ದಿಕೊಂಡ. "ಒಗ್ಗದ ಔಷಧಿ, ಪೆನಿಸಿಲಿನ್."

"ಹೂಂ ಕಣಪ್ಪ. ಅವತ್ತು ಮಗಳು ನನ್ನ ಅಂಗೈ ಉಜ್ಜೀ ಉಜ್ಜೀ ತೊಗಲೇ ಸುಲಿದಿತ್ತು."

ಊರು, ವಯಸ್ಸು, ಎಲ್ಲ ಮುಗಿಯುವ ತನಕ ಅವನು ಅಲ್ಲೇ ಕೂತ. ಹಿಂದಿರುಗಿ ಆ ಒಂದು ಸಾಲನ್ನು ಬಿಡಿಸಿದ, ತಿದ್ದಿದ, ಪೂರ್ತಿ ಕಟ್ಟಿದ.

ಇನ್ನೂ ಹತ್ತು ಇದ್ದವು. ಎದ್ದ, ಕೂತ, ಮತ್ತೆ ಎದ್ದ.

"ಅಮ್ಮ, ಉಳಿದವಕ್ಕೆ ಅಕ್ಷರ ಅಷ್ಟಕ್ಕಷ್ಟೇ. ಅವು ಏನನ್ನೂ ನುಂಗಿರಲಿಲ್ಲ. ಅವರ ಹತ್ರಾನೂ ಹೋಗಿ ಪೂರ್ತಿ ಓದಬೇಕಾ? ತಿದ್ದಬೇಕಾದ್ದು ಹೆಸರು ಮಾತ್ರ ಅಲ್ವಾ?"

ಅಮ್ಮ ಹತ್ತು ಹಾಳೆಗಳನ್ನು ಅವನ ಕೈಗಿಟ್ಟರು.

"ಆಸ್ಪತ್ರೆಗೆ ಬಂದು ಮಲಗಿರೋದು ಹೆಸರು ಮಾತ್ರಾನೇನಪ್ಪಾ?"