ಕಿವಿಯ ಹತ್ತಿ, ಅರವಟ್ಟಿಗೆಯ ಗಡಿಗೆ

ಇದರಲ್ಲಿ ಒಂದೊಂದು ಅಕ್ಷರವೂ ದಿಟ. ಸುಳ್ಳೆಂದು ಯಾರಾದರೂ ತೋರಿಸಿದರೆ, ಹದಿನಾಲ್ಕು ಊರಿನಲ್ಲಿ ಹೆಸರಾದ ಈ ನನ್ನ ಮೀಸೆ ಬೋಳಿಸಿಕೊಂಡು ಓಣಿ ತುಂಬ ತಿರುಗುತ್ತೇನೆ.

ಪರಮಪೂಜ್ಯ ತಂಬಿಗಿ ಅಜ್ಜನವರು ಆಗ ವಿಜಯಪುರದ ಬಂಡಿದಾರಿಯ ಬೇವಿನ ಮರದ ಕೆಳಗೆ ಅರವಟ್ಟಿಗೆ ನಡೆಸುತ್ತಿದ್ದರು. ಮಠವೆಂದರೆ ನಾಲ್ಕು ಗೂಟ, ಮೇಲೊಂದು ತಟ್ಟಿ. ಸಂಪತ್ತೆಂದರೆ ಸಾಲು ಗಡಿಗೆಗಳು, ಹಿತ್ತಾಳೆಯ ತಂಬಿಗೆ, ಒಂದು ಸಿಡುಕು ಎಮ್ಮೆ. ಬಾಯಾರಿ ಬಂದವರಿಗೆ ಪೂಜ್ಯರು ತಾವೇ ನೀರೆರೆಯುತ್ತಿದ್ದರು.

ಚೈತ್ರದ ಒಂದು ಮಧ್ಯಾಹ್ನ ಅತ್ತರಿನ ದಸ್ತಗೀರಸಾಬ ಅಲ್ಲಿಗೆ ಬಂದ. ಮೂಗೆಂದರೆ ಅವನದು! ಮೂರು ಹರದಾರಿ ಆಚೆ ಒಗ್ಗರಣೆ ಹಾಕಿದರೆ ಸಾಸಿವೆ ಹೆಚ್ಚೋ ಜೀರಿಗೆ ಹೆಚ್ಚೋ ಹೇಳುತ್ತಿದ್ದ. ಆದರೂ ಎದೆಯಲ್ಲೊಂದು ಮುಳ್ಳು. ಅವರ ಮನೆತನದಲ್ಲಿ ಮಗನಾದವನು ತನ್ನದೇ ಆದ ಹೊಸ ಅತ್ತರೊಂದನ್ನು ಮಾಡಿ ತೋರಿಸದೆ ಅತ್ತರು ಇಳಿಸುವ ಭಟ್ಟಿಗೆ ಯಜಮಾನನಾಗುವಂತಿಲ್ಲ. ಇವನಿಗೋ ನಲವತ್ತೆರಡು. ತಂದೆ ಇಮಾಮಸಾಬರು ಹಾಸಿಗೆ ಹಿಡಿದಿದ್ದಾರೆ. ಮಗ ಕೇದಿಗೆಯ ಅತ್ತರು ಒಯ್ದರೂ ಲಾವಂಚದ್ದು ಒಯ್ದರೂ ಮೂಸಿ, "ಇದು ನಂದ ಐತಲ್ಲೋ ಮಗನ," ಎಂದು ಮುಖ ತಿರುಗಿಸುತ್ತಾರೆ. ಮುದುಕರು ಕಣ್ಣು ಮುಚ್ಚಿದರೆ ಏಳು ತಲೆಮಾರಿನ ಭಟ್ಟಿ ತಣ್ಣಗಾದಂತೆಯೇ.

"ನೀರು ಕುಡಿಸಾವರಿಗೆ ಅತ್ತರದ ಮಾತು ಏನು ತಿಳೀತೈತಿ, ಅಜ್ಜಾರ? ಮಂದಿ ಹೇಳಿದ್ರಂತ ಬಂದೀನಿ, ಅಷ್ಟ," ಎಂದು ಮುನ್ನುಡಿ ಹಾಕಿ ದಸ್ತಗೀರ ಇದನ್ನೆಲ್ಲ ಹೇಳಿಕೊಂಡ.

ಪೂಜ್ಯರ ದೃಷ್ಟಿ ಅವನ ಕಿವಿಯ ಮೇಲೆ ನಿಂತಿತು. ಅಲ್ಲಿ ತಂದೆಯ ಗುಲಾಬಿ ಅತ್ತರಿನಲ್ಲಿ ಅದ್ದಿದ ಹತ್ತಿ ಇತ್ತು. ಅತ್ತರಿನವರಿಗೆ ಅದೇ ಅಂಗಡಿಯ ಬೋರ್ಡು. ಇಪ್ಪತ್ತೈದು ವರ್ಷದಿಂದ ದಿನಾ ಬೆಳಿಗ್ಗೆ ಹೊಸದು.

"ಅದನ್ನ ತಗದಿಟ್ಟು ಬಾವ್ಯಾಗ ನೀರು ಸೇದು."

"ಎಷ್ಟು ದಿನಾ, ಅಜ್ಜಾರ?"

"ಮೂಗು ಖಾಲಿ ಆಗೂತನಕ."

ಗೊಣಗುತ್ತಲೇ ಹತ್ತಿ ತೆಗೆದ. ಮುಂಡಾಸು ಕಳೆದುಕೊಂಡವನಂತೆ ಕಿವಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಮೂರು ದಿನ ನೀರು ಸೇದಿದ. ಬೇವಿನ ಹೂವಿಗೂ ವಾಸನೆಯಿಲ್ಲ, ಎಮ್ಮೆಗೂ ವಾಸನೆಯಿಲ್ಲ!

"ಅಜ್ಜಾರ, ಇದ್ದ ಮೂಗೂ ಹೋತು!"

"ಹೋಗ್ಲಿ ಬಿಡಪಾ," ಎಂದು ಪೂಜ್ಯರು ನಕ್ಕರು.

ನಾಲ್ಕನೆಯ ದಿನ ಕುಂಬಾರ ಹೊಸ ಗಡಿಗೆ ತಂದಿಟ್ಟ. ದಸ್ತಗೀರ ಮೊದಲ ಕೊಡ ಸುರಿದ. ಬಿಸಿಲಿಗೆ ಕಾದ ಮಣ್ಣು ಸುಂಯ್ ಎಂದು ನೀರು ಹೀರಿತು. ಒಳಗಿನಿಂದ ಮೊದಲ ಮಳೆಯ ಪರಿಮಳ ಎದ್ದು ಬಂತು. ಅವನು ಗಡಿಗೆಯ ಬಾಯಿಗೆ ಮುಖವಿಟ್ಟು ಮೂಸಿದ. ಇಷ್ಟು ವರ್ಷ ಯಾವ ಹೂವು ಮೂಸಿದರೂ ಅಪ್ಪನ ಗುಲಾಬಿಯ ಮೂಲಕವೇ ಮೂಸಿದ್ದೆನಲ್ಲ ಎಂದು ಹೊಳೆದು, ಅಳುತ್ತ ನಗುತ್ತ ಪಾದಕ್ಕೆರಗಿದ. ಪೂಜ್ಯರು, ಕುಂಬಾರ ತರುವಾಗ ಒಡೆದಿದ್ದ ಇನ್ನೊಂದು ಗಡಿಗೆಯ ಚೂರುಗಳನ್ನು ಅವನ ಉಡಿಗೆ ಸುರಿದು, "ಒಯ್ಯಿ," ಎಂದರು.

ದಸ್ತಗೀರ ಮನೆಗೆ ಹೋಗಿ ಆ ಚೂರುಗಳನ್ನು ನೀರಿನೊಂದಿಗೆ ಭಟ್ಟಿಗೆ ಹಾಕಿ, ಬಂದ ಹಬೆಯನ್ನು ಗಂಧದೆಣ್ಣೆಗೆ ಇಳಿಸಿದ. ಮುಂಗೈಗೆ ಸವರಿ ತಂದೆಯ ಮುಂದೆ ಹಿಡಿದ. ಇಮಾಮಸಾಬರು ಮೂಸಿದರು. ಇನ್ನೊಮ್ಮೆ ಮೂಸಿದರು. ಎರಡು ತಿಂಗಳಿಂದ ಏಳದಿದ್ದವರು ಎದ್ದು ಕುಳಿತರು.

"ಇದು ನಂದಲ್ಲೋ!" ಎಂದು ಕೂಗಿ, ಭಟ್ಟಿಮನೆಯ ಕೀಲಿಯನ್ನು ಮಗನ ಕೈಗಿಟ್ಟು, ಅವನ ಹಣೆಗೆ ಮುತ್ತಿಟ್ಟರು.

ಮೊದಲ ಬಾಟಲಿ ಅರವಟ್ಟಿಗೆಗೆ ಬಂತು. ಪೂಜ್ಯರು ಒಂದು ಹನಿ ತೆಗೆದು ಎಮ್ಮೆಯ ಕೊಂಬಿಗೆ ಸವರಿದರು. ದಸ್ತಗೀರ ಮತ್ತೆಂದೂ ಕಿವಿಗೆ ಹತ್ತಿ ಇಡಲಿಲ್ಲ. ಪ್ರತಿ ಚೈತ್ರದಲ್ಲಿ ಬಂದು ಖಾಲಿ ಮೂಗು ಹೊತ್ತು ನೀರು ಸೇದುತ್ತಿದ್ದ. ಎಮ್ಮೆಯೂ ಅಂದಿನಿಂದ ಎರಡು ಸೇರು ಹಾಲು ಹೆಚ್ಚಿಗೆ ಕೊಟ್ಟಿತು.

ಆ ಹಾಲಿನ ಮಾತೊಂದು ಮಾತ್ರ ನಾನು ಬೆರೆಸಿದ ನೀರು. ಮೀಸೆಗೆ ಅಷ್ಟು ಮಾಫಿ ಇರಲಿ.