ಕಪ್ಪಾಗದ ನವಿಲು

ದೇವರ ಕೋಣೆಯ ಹಳೆಯ ತಾಮ್ರದ ಬಿಂದಿಗೆಯನ್ನು ಕತ್ತರಿಸಿ, ನವಿಲು ಮಾಡಿ, ಉಕ್ಕಿನ ಹಾಳೆಗೆ ಕೂರಿಸಿದರು. ಎಂದೂ ಕಪ್ಪಾಗದಂತೆ ವಾರ್ನಿಷ್ ಬಳಿದು ಪಡಸಾಲೆಯ ಗೋಡೆಗೆ ಮೊಳೆ ಬಡಿದು ಕೂರಿಸಿದರು.

"ಶುಕ್ರವಾರ ಬರಲಿ ತಮ್ಮಾ," ಎಂದಿತು ತಾಮ್ರ. "ಚೆನ್ನವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ನೀರೆರೆಯುತ್ತಾಳೆ. ನನ್ನನ್ನು ಮುಟ್ಟದೆ ಅವಳ ಪೂಜೆ ಆಗುವುದಿಲ್ಲ."

"ಕಪ್ಪಾದರೆ ತಾನೇ ಅಣ್ಣಾ, ತಿಕ್ಕುವುದು?" ಎಂದಿತು ಉಕ್ಕು.

ಶುಕ್ರವಾರ ಚೆನ್ನವ್ವ ಹುಣಸೆಹಣ್ಣಿನ ಬಟ್ಟಲು ಹಿಡಿದು ಬಂದು, ಗೋಡೆಯ ಮುಂದೆ ನಿಂತಳು. "ಎಷ್ಟು ಚೆಂದ ಹೊಳೀತೈತಿ ನೋಡ್ರಿ! ಇನ್ನ ಕೈ ಹಚ್ಚೋ ಕೆಲಸಾನೇ ಇಲ್ಲ," ಎಂದು ಗಂಡನಿಗೆ ಹೇಳಿ, ದೀಪ ತಿಕ್ಕಲು ಒಳಗೆ ಹೋದಳು.

"ತಮ್ಮಾ, ನನ್ನನ್ನು ಒಂದಿಷ್ಟು ಕೆರೆದುಬಿಡು. ಗಾಳಿ ತಗಲಿ ಕಪ್ಪಾಗಲಿ," ಎಂದು ತಾಮ್ರ ಬೇಡಿಕೊಂಡಿತು.

"ಕೆರೆಯಲು ಅಲುಗಾಡಬೇಕಲ್ಲ ಅಣ್ಣಾ," ಎಂದಿತು ಉಕ್ಕು. "ನನಗೂ ಮೊಳೆ ಬಡಿದಿದ್ದಾರೆ."