ಕಣ್ಣಿರುವವರ ಲೈನು

ಕಣ್ಣಿಲ್ಲದವನ ಹೆಬ್ಬೆಟ್ಟಿಗೂ ಒಮ್ಮೊಮ್ಮೆ ಬೆಲೆ ಬರುತ್ತದೆ. ಜಿಲ್ಲೆಯಿಂದ ತಪಾಸಣೆಗೆ ಬರುವ ದಿನ ಪುರಸಭೆಯ ಮುಖ್ಯಾಧಿಕಾರಿ ಸಾಹೇಬರು ಅಂಧ ಟೆಲಿಫೋನ್ ಆಪರೇಟರ್ ಚನ್ನವೀರಪ್ಪನನ್ನು ಕರೆಸಿದರು.

"ನಮ್ಮ ವೆಬ್‌ಸೈಟನ್ನ ಅಂಧರು ಯಾರ ಸಹಾಯವೂ ಇಲ್ಲದೆ ಓದಬಹುದು ಅಂತ ಈ ಕಾಗದದಲ್ಲಿ ಬರೆದಿದೆ. ಹೆಬ್ಬೆಟ್ಟು ಒತ್ತಯ್ಯ. ಇಲ್ಲದಿದ್ರೆ ಕಸದ ಡಿಪೋ ಡ್ಯೂಟಿಗೆ ಹಾಕ್ತೀನಿ."

"ಒತ್ತೋಣ ಸಾರ್. ಆ ಕಾಗದಾನೂ ಸೈಟಿಗೆ ಹಾಕಿಸಿ. ತಪಾಸಣೆಯವರ ಎದುರಿಗೇ ಮೊಬೈಲಲ್ಲಿ ಓದಿಸ್ಕೊಂಡು ಒತ್ತುತ್ತೀನಿ."

ಸಾಹೇಬರು ಹಿಗ್ಗಿದರು. ಕಚೇರಿಯ ವಾಡಿಕೆಯಂತೆ ಕಾಗದಕ್ಕೆ ಮೊಹರು ಬಿತ್ತು, ಫೋಟೊ ತೆಗೆದು ಸೈಟಿಗೆ ಹಾಕಿದರು.

ಮಧ್ಯಾಹ್ನ ತಪಾಸಣೆಯ ಮೇಡಂ ಎದುರು, ಟೈಪಾದ ಅಕ್ಷರವನ್ನಷ್ಟೇ ಓದಿ ಹೇಳುವ ಚನ್ನವೀರಪ್ಪನ ಮೊಬೈಲು ಆ ಫೋಟೊವನ್ನು ಓದಿತು: "ಚಿತ್ರ." ಮತ್ತೆ ಒತ್ತಿದ. "ಚಿತ್ರ."

"ಇಷ್ಟೇನಾ ಸಾರ್ ಬರೆದಿರೋದು?"

ವಾರದೊಳಗೆ ಸೈಟು ಸರಿಪಡಿಸಿ ಎಂದು ಸಾಹೇಬರಿಗೆ ಹೇಳಿ ಮೇಡಂ ಹೊರಟರು.

ಸರಿಪಡಿಸಿದರು. ಸೈಟಿನ ಕಾಗದಗಳೆಲ್ಲ ಫೋಟೊಗಳಾಗೇ ಉಳಿದವು. "ಅಂಧರು ಮಾಹಿತಿಗೆ ಕರೆ ಮಾಡಿ" ಎಂಬ ಸಾಲು ಸೇರಿತು. ಕೆಳಗೆ ಕೊಟ್ಟ ನಂಬರು ಚನ್ನವೀರಪ್ಪನ ಮೇಜಿನದೇ.

ಮೊದಲ ಕರೆ ಬಂತು. "ಅಣ್ಣಾ, ಸವಲತ್ತಿನ ಪಟ್ಟೀಲಿ ನನ್ನ ಹೆಸರಿದೆಯಾ?"

"ನನಗೂ ಚಿತ್ರ ಅಂತಲೇ ಹೇಳ್ತಿದೆ ತಾಯಿ. ಇರಿ, ಕಣ್ಣಿರೋರಿಗೆ ಲೈನ್ ಕೊಡ್ತೀನಿ."

ಸಾಹೇಬರ ಕೋಣೆಯ ಫೋನು ಬಡಿದುಕೊಳ್ಳತೊಡಗಿತು. ಇವತ್ತಿಗೂ ದಿನಾ ಬಡಿದುಕೊಳ್ಳುತ್ತದೆ. ಸಾಹೇಬರು ಒಳಗೇ ಇರುತ್ತಾರೆ, ಎತ್ತುವುದಿಲ್ಲ.